ಮನೆ ನೋಡಲು ಬಂದವರು

9 ಮಾರ್ಚ್ 2025, ಭಾನುವಾರ, ರಾತ್ರಿ

ಇಂದು ಬೆಳಿಗ್ಗೆ ಅಪ್ಪನ ಮನೆಯನ್ನು ನೋಡಲು ಗಂಡ ಹೆಂಡತಿ ಇಬ್ಬರು ಬಂದಿದ್ದರು. ಮನೆಯನ್ನು ಮಾರಾಟಕ್ಕೆ ಇಟ್ಟು 8 ತಿಂಗಳಾಯಿತು. ಮೊದಮೊದಲು ವಾರಕ್ಕೆ ಇಬ್ಬರು ಮೂವರಾದರೂ ಬಂದು ನೋಡಿಕೊಂಡು ಹೋಗುತ್ತಿದ್ದರು. ಈಚೆಗೆ ತಿಂಗಳಿಗೆ ಒಬ್ಬರು ಬಂದರೂ ಬ್ರೋಕರ್ ಅದನ್ನು ಶುಭಸುದ್ದಿಯಂತೆ ಫೋನ್ ಮಾಡಿ ತಿಳಿಸುತ್ತಾರೆ. ಆದ್ದರಿಂದ ನಾನು ಒಂದು ಗಂಟೆ ಮೊದಲೇ ಹೋಗಿ, ಕಿಟಕಿಗಳನ್ನೆಲ್ಲ ತೆರೆದು, ನೆಲ ಒರೆಸಿ, ಬಹಳ ದಿನ ಮುಚ್ಚಿದ್ದ ಮನೆಯ ವಾಸನೆ ಹೋಗಲೆಂದು ಎಲ್ಲ ಕೋಣೆಗಳ ಫ್ಯಾನುಗಳನ್ನೂ ಹಾಕಿ ಕಾದಿದ್ದೆ.

ಇಬ್ಬರೂ ಸಭ್ಯರು. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು, ಗಟ್ಟಿಯಾಗಿ ಮಾತನಾಡಲಿಲ್ಲ, ಖಾಲಿ ಕೋಣೆಗಳಲ್ಲಿ ತಮ್ಮ ಹೆಜ್ಜೆಯ ಸದ್ದು ಮರಳಿ ಕೇಳಿಸಿದಾಗ ಸಂಕೋಚಪಟ್ಟವರಂತೆ ನಿಧಾನವಾಗಿ ನಡೆದರು. ಹೆಂಡತಿ ಹಿಂದಿನ ಕೋಣೆಗೆ ಹೋಗಿ, ಬೀದಿಯ ಸದ್ದು ಎಷ್ಟು ತಡೆಯುತ್ತದೆಂದು ನೋಡಲು ಕಿಟಕಿಯನ್ನು ಮುಚ್ಚಿದರು. ಅದು ಮುಚ್ಚಿಕೊಂಡಿತು, ಆದರೆ ಅವರು ಎಷ್ಟು ಎಳೆದರೂ ತೆರೆದುಕೊಳ್ಳಲಿಲ್ಲ. ಆ ಕಿಟಕಿಯ ಚಿಲಕವನ್ನು ಹೆಬ್ಬೆರಳಿನಿಂದ ಸ್ವಲ್ಪ ಮೇಲಕ್ಕೆ ಎತ್ತಿ, ಅಂಗೈಯನ್ನು ಬಾಗಿಲಿನ ಕೆಳಮೂಲೆಗೆ ಒತ್ತಿ ತಳ್ಳಬೇಕು. ಮರ ಊದಿಕೊಂಡು ಎಷ್ಟೋ ವರ್ಷಗಳಾದವು. ಅಪ್ಪ ಒಮ್ಮೆ ಅಂಚನ್ನು ಕೆತ್ತಿ, ಸಂದಿಯಲ್ಲಿ ರಟ್ಟಿನ ತುಂಡೊಂದನ್ನು ಮಡಚಿ ಇಟ್ಟಿದ್ದರು, ಅದು ಇನ್ನೂ ಅಲ್ಲೇ ಇದೆ. ನಾನು ಹೋಗಿ ಯೋಚಿಸದೆಯೇ ಕೈಯಿಟ್ಟು ತೆರೆದೆ. ತಿರುಗಿ ನೋಡಿದರೆ ಗಂಡ ತಮ್ಮ ಮೊಬೈಲಿನಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದರು. ಪರದೆ ನನಗೆ ಕಾಣುವಷ್ಟು ಹತ್ತಿರದಲ್ಲಿತ್ತು: ವೈರಿಂಗ್, ಸ್ನಾನದ ಮನೆಯ ನಲ್ಲಿಗಳು, ಪಶ್ಚಿಮದ ಗೋಡೆ, ಹಿಂದಿನ ಕಿಟಕಿ. ಒಂದೊಂದರ ಮುಂದೆಯೂ ಒಂದೊಂದು ಮೊತ್ತ. ಅವರು ಮಾಡುತ್ತಿದ್ದುದರಲ್ಲಿ ತಪ್ಪೇನೂ ಇಲ್ಲ, ಜೀವಮಾನದ ಉಳಿತಾಯವನ್ನು ಹಾಕುವವರು ಹಾಗೆಯೇ ಬರೆದುಕೊಳ್ಳಬೇಕು. ಆದರೂ ಆ ರಟ್ಟಿನ ತುಂಡಿಗೆ ಎಷ್ಟು ಕಳೆಯುತ್ತಾರೋ ಎಂದು ಒಂದು ಕ್ಷಣ ನನ್ನ ಗಂಟಲು ಕಟ್ಟಿತು.

ಹೊರಡುವ ಮುನ್ನ ಆ ಹೆಣ್ಣುಮಗಳು ಬಾಗಿಲ ಬಳಿ ನಿಂತು ಕೇಳಿದರು: "ತಪ್ಪು ತಿಳಿಯಬೇಡಿ. ಮನೆ ಚೆನ್ನಾಗಿಯೇ ಇದೆ. ಹಾಗಿದ್ದರೂ 8 ತಿಂಗಳಿಂದ ಯಾರೂ ಏಕೆ ಕೊಂಡಿಲ್ಲ? ನಮ್ಮ ಕಣ್ಣಿಗೆ ಬೀಳದ ತೊಂದರೆ ಏನಾದರೂ ಇದೆಯೇ?"

ಏನೂ ಇಲ್ಲ ಎಂದೆ. ಕಾಗದಪತ್ರಗಳೆಲ್ಲ ಸರಿಯಾಗಿವೆ, ಸಾಲವಿಲ್ಲ, ತಕರಾರಿಲ್ಲ, ಪಶ್ಚಿಮದ ಗೋಡೆಯಲ್ಲಿ ತೇವ ಬಂದಿದ್ದು ನಿಜ, ಅದನ್ನು ಸರಿಪಡಿಸಿದ್ದೇವೆ, ಕಲೆ ಮಾತ್ರ ಉಳಿದಿದೆ ಎಂದು ಎಲ್ಲವನ್ನೂ ಹೇಳಿದೆ. ಹೇಳುತ್ತಿರುವಾಗಲೇ ನನಗೆ ಅರ್ಥವಾಯಿತು, ಮನೆಯಲ್ಲಿ ನಿಜವಾಗಿಯೂ ದೋಷವಿದ್ದಿದ್ದರೂ ಮಾರುವವರು ಇದೇ ಮಾತುಗಳನ್ನೇ ಆಡುತ್ತಿದ್ದರು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಬರೆದ ಲೇಖನವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುತ್ತೇನೆ: ವಸ್ತುವಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಆದ್ದರಿಂದ ಕೊಳ್ಳುವವನು ಕೆಟ್ಟದ್ದಿರಬಹುದೆಂಬ ಅಳುಕಿನಿಂದಲೇ ಬೆಲೆ ಕಟ್ಟುತ್ತಾನೆ, ಆ ಬೆಲೆಯಲ್ಲಿ ಒಳ್ಳೆಯ ವಸ್ತುವಿನ ಒಡೆಯನಿಗೂ ನಷ್ಟವಾಗುತ್ತದೆ. ಬಹಳ ದಿನ ಮಾರಾಟವಾಗದೆ ಉಳಿದ ಮನೆಯ ಮೇಲೆ ಈ ಅಳುಕು ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ. ಮಾರಾಟವಾಗದಿರುವುದೇ ಮಾರಾಟವಾಗದಿರಲು ಇನ್ನೊಂದು ಕಾರಣವಾಗುತ್ತದೆ. ಆಕೆ ನನ್ನ ಮಾತನ್ನು ನಂಬಿದರೆಂದೇ ನನಗೆ ಅನ್ನಿಸಿತು, ಆದರೆ ನಂಬಿಕೆಗೆ ತಕ್ಕಂತೆ ಹಣ ಹೊಂದಿಸಲು ಅವರಿಂದ ಆಗುವಂತಿರಲಿಲ್ಲ.

ಏಕೆಂದರೆ ಗಂಡ ಆಮೇಲೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವರು ಮನೆ ಹುಡುಕಲು ಆರಂಭಿಸಿದಾಗ ಸಾಲದ ಬಡ್ಡಿ ಶೇ 7ರ ಆಸುಪಾಸಿನಲ್ಲಿತ್ತಂತೆ, ಈಗ ಅವರಿಗೆ ಹೇಳಿರುವುದು ಶೇ 9. ಎರಡೇ ಅಂಶಗಳ ವ್ಯತ್ಯಾಸವೆಂದು ಕೇಳಿದವರಿಗೆ ತೋರುತ್ತದೆ. ಅವರು ಹೋದ ಮೇಲೆ ಮೆಟ್ಟಿಲ ಮೇಲೆ ಕುಳಿತು ಹಳೆಯ ರಸೀದಿಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 20 ವರ್ಷಗಳ ಸಾಲಕ್ಕೆ, ಪ್ರತಿ ಒಂದು ಲಕ್ಷಕ್ಕೆ ಶೇ 7ರಲ್ಲಿ ತಿಂಗಳ ಕಂತು ಸುಮಾರು 775 ಬರುತ್ತದೆ, ಶೇ 9ರಲ್ಲಿ ಸುಮಾರು 900. ಅಂದರೆ ಕಂತು ಶೇ 16ರಷ್ಟು ಏರುತ್ತದೆ. ಸಂಬಳ ಅಷ್ಟೇ ಇದ್ದು, ಕಟ್ಟಬಹುದಾದ ಕಂತೂ ಅಷ್ಟೇ ಇದ್ದರೆ, ಅವರಿಗೆ ಸಿಗುವ ಸಾಲ ಶೇ 14ರಷ್ಟು ಕುಗ್ಗುತ್ತದೆ. ಅವರು ಸಂಕೋಚದಿಂದ ಸೂಚಿಸಿದ ಬೆಲೆ ನಾವು ಕೇಳಿದ್ದಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಕೆಳಗಿತ್ತು. ಚೌಕಾಸಿ ಮಾಡುತ್ತಿದ್ದಾರೆಂದು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಲೆಕ್ಕ ನೋಡಿದ ಮೇಲೆ, ತಮ್ಮ ಕೈಯಲ್ಲಿ ಇರುವುದನ್ನೆಲ್ಲ ಎತ್ತಿ ತೋರಿಸಿದ್ದರೆಂದು ತಿಳಿಯಿತು.

ಮಧ್ಯಾಹ್ನ ಅಣ್ಣನಿಗೆ ಫೋನ್ ಮಾಡಿದೆ. ಸುಮಾರು ಒಂದು ಗಂಟೆ ಮಾತನಾಡಿದೆವು. ಇತ್ತೀಚಿನ ದಿನಗಳಲ್ಲಿ ನಾವಿಬ್ಬರೂ ಇಷ್ಟು ಹೊತ್ತು ಮಾತನಾಡುವುದು ಈ ಮನೆಯ ವಿಷಯಕ್ಕೆ ಮಾತ್ರ.

"ಅವರು ಹೇಳಿದ ಬೆಲೆಗೆ ಕೊಟ್ಟುಬಿಡೋಣ ಅಂತಿದ್ದೀಯಾ?" ಎಂದ.

"ಕೊಡೋಣ ಅಂತ ಹೇಳುತ್ತಿಲ್ಲ ಅಣ್ಣಾ. ಯೋಚಿಸೋಣ ಅಂತಿದ್ದೇನೆ. ಪೇಟೆ ಬಿದ್ದಾಗ ಮೊದಲು ವ್ಯವಹಾರಗಳು ನಿಲ್ಲುತ್ತವೆ, ಬೆಲೆ ಇಳಿಯುವುದು ಆಮೇಲೆ. ಕೇಳುವ ಬೆಲೆ ಎಲ್ಲೆಡೆ ಹಾಗೆಯೇ ಇದೆ, ಕೊಳ್ಳುವವರು ಮಾತ್ರ ಇಲ್ಲ. ನಾವು ಆ ಹಂತದಲ್ಲಿದ್ದೇವೆ."

"ಹಾಗಾದರೆ ಪೇಟೆ ಏಳುವವರೆಗೆ ಕಾಯೋಣ. ಮನೆ ಎಲ್ಲಿಗೂ ಹೋಗುವುದಿಲ್ಲವಲ್ಲ."

ಕಾಯುವುದಕ್ಕೂ ಬೆಲೆಯಿದೆ ಎಂದು ಹೇಳಿದೆ. ತೆರಿಗೆ, ರಿಪೇರಿ, ವಾರಕ್ಕೊಮ್ಮೆ ಬಾಗಿಲು ತೆಗೆದು ಗುಡಿಸುವ ಕೆಲಸ ಇವೆಲ್ಲ ಕಣ್ಣಿಗೆ ಕಾಣುವ ಖರ್ಚು. ಮಾರಿ ಬಂದ ಹಣವನ್ನು ಶೇ 6ರ ಬಡ್ಡಿಗೆ ಇಟ್ಟಿದ್ದರೂ 8 ತಿಂಗಳಲ್ಲಿ ಶೇ 4ರಷ್ಟು ಬರುತ್ತಿತ್ತು, ಅದು ಕಾಣದ ಖರ್ಚು. ಇನ್ನು ಮನುಷ್ಯರಿಲ್ಲದ ಮನೆ ಬೇಗ ಹಾಳಾಗುತ್ತದೆ. ನಲ್ಲಿಯಲ್ಲಿ ನೀರು ಹರಿಯದೆ ವಾಷರು ಒಣಗುತ್ತದೆ, ಮೋರಿಯ ನೀರು ಆರಿ ವಾಸನೆ ಒಳಗೆ ಬರುತ್ತದೆ, ಎಲ್ಲೋ ಸಣ್ಣದಾಗಿ ಸೋರಿದರೆ ಮೊದಲ ದಿನವೇ ನೋಡುವವರು ಯಾರೂ ಇರುವುದಿಲ್ಲ. ಪಶ್ಚಿಮದ ಗೋಡೆ ಹಾಳಾದದ್ದು ಹಾಗೆಯೇ.

ಆಮೇಲೆ ನನ್ನ ಪಾಠದ ಇನ್ನೊಂದು ಪ್ರಸಂಗವನ್ನೂ ಹೇಳಿದೆ. 1990ರ ದಶಕದಲ್ಲಿ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ತಾವು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು, ಆ ಎರಡು ಬೆಲೆಗಳ ಅಂತರದ ಶೇ 25ರಿಂದ 35ರಷ್ಟನ್ನು ತಾವು ಕೇಳುವ ಬೆಲೆಯ ಮೇಲೆ ಹೆಚ್ಚಾಗಿ ಸೇರಿಸುತ್ತಿದ್ದರು, ಅದರಿಂದಾಗಿ ಅವರ ಮನೆಗಳು ಬೇರೆಯವರ ಮನೆಗಳಿಗಿಂತ ನಿಧಾನವಾಗಿ ಮಾರಾಟವಾಗುತ್ತಿದ್ದವು.

ಅಣ್ಣ ಸುಮ್ಮನೆ ಕೇಳಿಸಿಕೊಂಡ. ನಂತರ, "ಕೊನೆಗೆ ಮಾರಿದಾಗ ಅವರಿಗೆ ಸಿಕ್ಕಿದ್ದು ಕಡಿಮೆಯೋ ಹೆಚ್ಚೋ?" ಎಂದು ಕೇಳಿದ.

ಹೆಚ್ಚು ಎಂದು ಒಪ್ಪಿಕೊಳ್ಳಬೇಕಾಯಿತು. ಅಂತರದ ಶೇ 3ರಿಂದ 18ರಷ್ಟು ಅವರಿಗೆ ನಿಜವಾಗಿಯೂ ಹೆಚ್ಚಾಗಿ ಸಿಕ್ಕಿತ್ತು. ತರಗತಿಯಲ್ಲಿ ಈ ಅಂಶವನ್ನು ನಾನು ಬೇಗ ದಾಟಿಬಿಡುತ್ತೇನೆ. ಇಂದು ಅಣ್ಣ ಅದನ್ನು ಹಿಡಿದುಕೊಂಡ. ಅವನ ವಾದ ಸುಳ್ಳಲ್ಲ. ಕಾದವರು ಬರಿಗೈಯಲ್ಲಿ ಹೋಗಲಿಲ್ಲ. ಆದರೆ ಅವರು ಕಾದ ತಿಂಗಳುಗಳಿಗೆ ಆ ಹೆಚ್ಚಿನ ಹಣ ಸಾಕಾಯಿತೇ ಎಂಬುದು ಒಬ್ಬೊಬ್ಬರ ಮನೆಯ ಪರಿಸ್ಥಿತಿಯನ್ನು ಅವಲಂಬಿಸಿದ ಮಾತು, ಮತ್ತು ನಮ್ಮ ಮನೆಯಲ್ಲಿ ಆ ಹಣ ಅಮ್ಮನ ಮುಂದಿನ ವರ್ಷಗಳಿಗಾಗಿ ಬೇಕಾಗಿದೆ. ಇದನ್ನು ಹೇಳಿದಾಗ ಅವನು ಮಾತು ಬದಲಿಸಿದ. ಮಕ್ಕಳ ಪರೀಕ್ಷೆಯ ಸುದ್ದಿ ಹೇಳಿದ. ನಾನೂ ಬಿಟ್ಟೆ.

ನಿಜವಾದ ಅಡ್ಡಿ ಅಣ್ಣನಲ್ಲ, ಅಮ್ಮನೂ ಅಲ್ಲ. 7 ವರ್ಷಗಳ ಹಿಂದೆ ಪೇಟೆ ಏರಿದ್ದ ಕಾಲದಲ್ಲಿ ಪಕ್ಕದ ಮನೆಯವರು ತಾವಾಗಿಯೇ ಬಂದು ಅಪ್ಪನಿಗೆ ಒಂದು ಬೆಲೆ ಹೇಳಿದ್ದರು. ಅಪ್ಪ ನಕ್ಕು, "ಮಾರುವುದಕ್ಕೆ ಕಟ್ಟಿಸಿದ್ದಲ್ಲ" ಎಂದು ಕಳಿಸಿದ್ದರು. ಆ ಮೊತ್ತ ಅಂದಿನಿಂದ ನಮ್ಮ ಮನೆಯಲ್ಲಿ ಉಳಿದುಬಿಟ್ಟಿದೆ. ಅಮ್ಮನಿಗೆ ಅದೇ ಮನೆಯ ಬೆಲೆ, ಅದಕ್ಕಿಂತ ಕಡಿಮೆ ಏನೇ ಬಂದರೂ ಯಾರೋ ನಮ್ಮಿಂದ ಕಿತ್ತುಕೊಂಡಂತೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದ್ದರೂ ಆಗಿನ 100ರ ಕೊಳ್ಳುವ ಶಕ್ತಿ ಈಗ 71ಕ್ಕೆ ಇಳಿದಿರುತ್ತದೆ ಎಂದು, ಅದೇ ಮೊತ್ತ ಇಂದು ಸಿಕ್ಕರೂ ಅದು ಅಂದಿನ ಹಣವಲ್ಲ ಎಂದು ಒಮ್ಮೆ ಅಮ್ಮನಿಗೆ ವಿವರಿಸಲು ಹೋಗಿದ್ದೆ. ಅಮ್ಮ ಕೇಳಿ, "ಹಾಗಾದರೆ ಇನ್ನೂ ಜಾಸ್ತಿ ಕೇಳಬೇಕು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೆಮನ್, ನೆಚ್ ಮತ್ತು ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳ ಕೈಗೆ ಒಂದೊಂದು ಪಿಂಗಾಣಿ ಲೋಟ ಕೊಟ್ಟು, ಅದನ್ನು ಉಳಿದವರಿಗೆ ಮಾರಲು ಹೇಳಿದ್ದರು. ಲೋಟ ಸಿಕ್ಕವರು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಆ ಲೋಟ ಅವರ ಕೈಯಲ್ಲಿದ್ದದ್ದು ಕೆಲವೇ ನಿಮಿಷ. ಸಂಜೆ ಇದನ್ನು ನೆನೆದಾಗ ಅಮ್ಮನ ಮೇಲೆ ನನಗಿದ್ದ ಬೇಸರವೆಲ್ಲ ಕರಗಿತು. ಪಾಯ ತೋಡಿದ ದಿನದಿಂದ ಕಂಡ ಮನೆಗೆ ಬೆಲೆ ಹೇಳೆಂದು ಅವರನ್ನು ನಾವು ಕೇಳುತ್ತಿದ್ದೇವೆ. ನಾನೇನು ಬೇರೆಯವಳೇ? ನಾವು ಕೇಳುತ್ತಿರುವ ಮೊತ್ತದಲ್ಲಿ ಗೋಡೆ, ನೆಲ, ಜಾಗ ಇವುಗಳ ಬೆಲೆ ಎಷ್ಟು, ಅಪ್ಪನ ಬೆಲೆ ಎಷ್ಟು ಎಂದು ಬಿಡಿಸಿ ಹೇಳಲು ನನಗೂ ಬರುವುದಿಲ್ಲ. ಎರಡನೆಯದನ್ನು ಆ ದಂಪತಿಯಿಂದ ಕೇಳುವುದು ನ್ಯಾಯವಲ್ಲ ಎಂಬುದಷ್ಟು ಇಂದು ನನಗೆ ಖಚಿತವಾಗಿದೆ. ಅವರಿಗೆ ಬುಧವಾರದೊಳಗೆ ತಿಳಿಸುತ್ತೇನೆಂದು ಹೇಳಿದ್ದೇನೆ. ಬ್ರೋಕರ್ ಆಗಲೇ ಎರಡು ಬಾರಿ ಫೋನ್ ಮಾಡಿದರು. "ಮೇಡಂ, ಇವರನ್ನು ಬಿಟ್ಟರೆ ಮತ್ತೆ ಯಾವಾಗ ಬರುತ್ತಾರೋ ಹೇಳಲಾಗದು" ಎಂದರು. ಕಮಿಷನ್ನಿಗಾಗಿ ಹೇಳಿದರೂ ಅದು ಸತ್ಯವೇ.

ಈಗ ಗಂಟೆ ಹತ್ತೂವರೆ. ಅಮ್ಮ ಮಲಗಿದ್ದಾರೆಂದುಕೊಂಡಿದ್ದೆ. ದೀಪ ಆರಿಸಲು ಹೋದಾಗ ಕತ್ತಲೆಯಿಂದಲೇ, "ಬಂದವರು ಹೇಗಿದ್ದರು?" ಎಂದು ಕೇಳಿದರು. ಎಷ್ಟು ಹೇಳಿದರು ಎಂದು ಕೇಳಲಿಲ್ಲ. ಒಳ್ಳೆಯವರು, ಚಪ್ಪಲಿ ಹೊರಗೆ ಬಿಟ್ಟು ಬಂದರು, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಕ್ಕಳಿದ್ದಾರಾ?" ಎಂದರು. ಕೇಳಲಿಲ್ಲ ಎಂದೆ. ಮಂಚದ ಅಂಚಿನಲ್ಲಿ ಕುಳಿತು ಬೆಲೆಯ ವಿಷಯ ಈಗಲೇ ಎತ್ತಲೇ, ಬೆಳಿಗ್ಗೆ ಹೇಳಲೇ ಎಂದು ನಾನು ತೂಗುತ್ತಿರುವಾಗಲೇ ಅವರು ಇನ್ನೊಂದು ಮಾತು ಕೇಳಿದರು:

"ಹಿಂದಿನ ಕೋಣೆಯ ಕಿಟಕಿ ಮುಚ್ಚಿ ಬಂದೆಯಾ?"

ಮುಚ್ಚಿದ್ದೇನೆ ಅಮ್ಮ, ಎಂದೆ. ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದ್ದು ನೆನಪಿದೆ, ಫ್ಯಾನುಗಳನ್ನು ಆರಿಸಿದ್ದೂ ಮುಂಬಾಗಿಲಿಗೆ ಎರಡು ಬಾರಿ ಬೀಗ ತಿರುಗಿಸಿದ್ದೂ ನೆನಪಿದೆ. ಹಿಂದಿನ ಕೋಣೆಗೆ ಹೋಗಿ ರಟ್ಟಿನ ತುಂಡು ಜಾರಿತೇ ಎಂದು ಬಗ್ಗಿ ನೋಡಿದ್ದೆ, ಅದನ್ನು ಬೆರಳಿನಿಂದ ಒಳಕ್ಕೆ ಸರಿಸಿದ್ದೆ, ಅಷ್ಟರಲ್ಲಿ ಫೋನ್ ಬಂತು, ಅದಾದ ಮೇಲೆ