ಹುಳಿ ಕಲೆ, ಮೋಡ, ಮಾವನ ಪಂಚೆ

ಜೂನ್ 10, ಮಂಗಳವಾರ
ಶಿವಮೊಗ್ಗ

ಇವತ್ತೂ ಬಿಸಿಲು ಬರಲಿಲ್ಲ. ಹಿತ್ತಲ ತಂತಿಯ ಮೇಲೆ ಪಂಚೆ ಒದ್ದೆಯಾಗಿಯೇ ನೇತಾಡ್ತಿದೆ. ಅಂಗೈ ಅಗಲದ ಹಳದಿ ಸ್ವಲ್ಪ ಮಾಸಿದೆ, ಹೋಗಿಲ್ಲ. ಆಫೀಸಿಂದ ಬಂದವಳು ಬ್ಯಾಗ್ ಇಳಿಸೋ ಮೊದಲು ಅದನ್ನೇ ನೋಡೋಕೆ ಹೋದೆ. ಪಕ್ಕದ್ಮನೆ ಆಂಟಿ ಕಾಂಪೌಂಡಿನ ಆಚೆಯಿಂದ "ಏನ್ರೀ, ಪಂಚೆಗೆ ಪೂಜೆನಾ?" ಅಂದರು.

ಭಾನುವಾರ ಭದ್ರಾವತಿಯ ಮದುವೆಯಲ್ಲಿ ಆಗಿದ್ದು. ಹುಳಿ ಬಡಿಸೋ ಹುಡುಗ ಬಂದ, ಮಾವ "ಬೇಡಪ್ಪ" ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದರು, ಹುಡುಗ ಸೌಟನ್ನ ಗಬಕ್ಕನೆ ಹಿಂದಕ್ಕೆಳೆದ. ಸೌಟು ಬಕೆಟ್ಟಿನ ಅಂಚಿಗೆ ಬಡಿದು ಅಷ್ಟೂ ಹುಳಿ ಮಾವನ ತೊಡೆ ಮೇಲೆ. "ಸಾರಿ ಅಜ್ಜ" ಅಂದ, ಮುಂದಿನ ಎಲೆಗೆ ಹೋದ. ಅಷ್ಟೇ.

ಆದರೆ ಕಾರಲ್ಲಿ ಕೂತ ಕೂಡಲೇ ಮಾವ ಅಂದರು, "ಅದು ನಾನು ಚೆಲ್ಲಿಕೊಂಡಿದ್ದಲ್ಲ." ಹೌದು ಮಾವ, ನಾವೇ ನೋಡಿದ್ವಲ್ಲ ಅಂದೆ. ಮನೆಗೆ ಬಂದು ಗೇಟ್ ತೆಗೀತಾ ಮತ್ತೆ ಅದೇ ಮಾತು. ಸಂಜೆ ಚಿನ್ನಿ ಟ್ಯೂಷನ್ನಿಂದ ಬಂದು "ಅಜ್ಜ, ಪಂಚೆಗೇನಾಯ್ತು" ಅಂತ ಸುಮ್ಮನೆ ಕೇಳಿದ್ದಕ್ಕೆ, ಬಡಿಸೋ ಹುಡುಗ, ಸೌಟು, ಬಕೆಟ್ಟು ಎಲ್ಲಾ ಸೇರಿಸಿ ಸಾಕ್ಷಿ ಹೇಳೋ ಥರ ವಿವರಿಸಿದರು. ಯಾರೂ ಅವರ ಮೇಲೆ ತಪ್ಪು ಹೊರಿಸಿರಲಿಲ್ಲ.

ಛತ್ರದ ನಲ್ಲಿಯ ಹತ್ತಿರವೇ ಅತ್ತೆ ಬಾರ್ ಸೋಪು ತಗೊಂಡು ತಿಕ್ಕಿಬಿಟ್ಟಿದ್ದರು. ಹಳದಿ ಹೋಗಿ ಕೆಂಪಾಯಿತು, ಕುಂಕುಮ ಚೆಲ್ಲಿದ ಹಾಗೆ. ಅತ್ತೆ ಗಾಬರಿ. ಮಾವನ ಮುಖದಲ್ಲಿ ಅವತ್ತು ಮೊದಲ ಸಲ ಕಳೆ ಬಂದಿದ್ದು ಆಗ. ಹೈಸ್ಕೂಲು ಸೈನ್ಸ್ ಮೇಷ್ಟ್ರಲ್ಲವೇ, ರಿಟೈರಾದರೂ ಕ್ಲಾಸ್ ನಿಂತಿಲ್ಲ. ಚಿನ್ನಿಯ ಪುಸ್ತಕದ ಆಮ್ಲ, ಪ್ರತ್ಯಾಮ್ಲ, ಲವಣದ ಪಾಠ ಮನೆಯ ನಡುಕೋಣೆಯಲ್ಲೇ ಶುರುವಾಯಿತು. ಸೋಪು ಕ್ಷಾರ, ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತೆ, ಎಲೆಗೆ ಹಚ್ಚೋ ಸುಣ್ಣ ಅರಿಶಿನಕ್ಕೆ ಬೆರೆಸಿದರೆ ಓಕುಳಿ ನೀರು ಕೆಂಪಾಗೋದೂ ಇದೇ. ಹಿಂದೆಲ್ಲ ಲಿಟ್ಮಸ್ ಕಾಗದ ಶಾಲೆಗೆ ಬರ್ತಿರಲಿಲ್ಲವಂತೆ, ಫಿಲ್ಟರ್ ಪೇಪರಿಗೆ ಅರಿಶಿನ ಬಳಿದು ಒಣಗಿಸಿ ಮಕ್ಕಳ ಕೈಗೆ ಕೊಡುತ್ತಿದ್ದರಂತೆ. ಕೆಂಪಾದ ಜಾಗಕ್ಕೆ ನಿಂಬೆರಸ ಹಿಂಡಿದರು, ಕಣ್ಣೆದುರೇ ಹಳದಿ ವಾಪಸ್ ಬಂತು. ಚಿನ್ನಿ ಚಪ್ಪಾಳೆ ತಟ್ಟಿದಳು.

ಅತ್ತೆ ಮಾತ್ರ, "ಹಳದಿ ಇದ್ದದ್ದನ್ನ ಹಳದಿ ಮಾಡೋಕೆ ಒಂದು ನಿಂಬೆಹಣ್ಣು ದಂಡ" ಅಂತ ಒಳಗೆ ಹೋದರು.

ಆಮೇಲೆ ಮಾವ ಹೇಳಿದ್ದನ್ನ ಇಲ್ಲಿ ಬರೆದಿಡ್ತೀನಿ, ಮುಂದಿನ ಮದುವೆಗೆ ಬೇಕಾಗುತ್ತೆ. ಹುಳಿ ಕಲೆ ಅಂದರೆ ಒಂದು ಕಲೆ ಅಲ್ಲ. ಒಗ್ಗರಣೆ ಎಣ್ಣೆ ಒಂದು, ಅರಿಶಿನಕ್ಕೆ ಹಳದಿ ಬಣ್ಣ ಕೊಡೋ ಕರ್ಕ್ಯುಮಿನ್ ಇನ್ನೊಂದು. ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಇಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತೆ, ಸ್ಪಿರಿಟ್ಟಿನಲ್ಲೂ ಕರಗುತ್ತೆ. ಹಾಗಾಗಿ ಬಕೆಟ್ಟುಗಟ್ಟಲೆ ನೀರು ಸುರಿದು ಪ್ರಯೋಜನ ಇಲ್ಲ. ಮೊದಲು ಮೇಲಿನ ಬೇಳೆಯನ್ನ ಚಮಚದ ಬೆನ್ನಿಂದ ಕೆರೆದು ತೆಗೆದು, ಬಟ್ಟೆಯನ್ನ ಒಳಮಗ್ಗುಲಿಂದ ತಣ್ಣೀರಿಗೆ ಹಿಡಿದು, ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿ ಎಣ್ಣೆ ಬಿಡಿಸಬೇಕು. ಆಗಲೂ ಸ್ವಲ್ಪ ಕೆಂಪಾಗಬಹುದು, ಹೆದರಬಾರದು. ಆಮೇಲೆ ಕಲೆಯ ಕೆಳಗೆ ಹಳೇ ಬಟ್ಟೆ ಮಡಚಿಟ್ಟು, ಮೇಲಿಂದ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒತ್ತಬೇಕು. ತಿಕ್ಕೋದಲ್ಲ, ಒತ್ತೋದು. ಹಳದಿ ಇಳಿದು ಕೆಳಗಿನ ಬಟ್ಟೆಗೆ ಹೋಗುತ್ತೆ. ಸ್ಪಿರಿಟ್ ಎಲ್ಲಿಂದ? ಕೊರೊನಾ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್ ಬಾಟಲಿ ಬೀರುವಿನ ಮೇಲೆ ಇನ್ನೂ ಕೂತಿತ್ತಲ್ಲ, ಅದೇ. ದೇವರ ಮನೆ ಬಾಗಿಲಲ್ಲಿ ಕೂತು ಶುರು ಮಾಡಿದ್ದಕ್ಕೆ ಅತ್ತೆ ಕೂಗಿಕೊಂಡರು, ದೀಪ ಉರೀತಿದೆ, ಎದ್ದೇಳಿ ಅಂತ. ಅತ್ತೆ ಹೇಳಿದ್ದೇ ಸರಿ.

ಉಳಿದದ್ದು ಬಿಸಿಲಿನ ಕೆಲಸ. ಬೆಳಕು ಬಿದ್ದರೆ ಕರ್ಕ್ಯುಮಿನ್ನಿನ ಅಣುವೇ ಒಡೆದು ಬಣ್ಣ ಹಾರಿಹೋಗುತ್ತೆ. ಅರಿಶಿನದಲ್ಲಿ ಬಣ್ಣ ಹಾಕಿದ ಬಟ್ಟೆಯನ್ನ ನೆರಳಲ್ಲಿ ಒಣಗಿಸೋದು ಅದಕ್ಕೇ. ಸೀರೆ ಸೆರಗಿನ ತುದಿಗೆ ಶುಭಕ್ಕೆ ಅಂತ ಹಚ್ಚಿದ ಅರಿಶಿನ ಬೇಗ ಮಾಸುತ್ತೆ, ಪಂಚೆಗೆ ಬಿದ್ದ ಹುಳಿ ಯಾಕೆ ಹಠ ಹಿಡಿಯುತ್ತೆ ಅಂದರೆ ಮಧ್ಯೆ ಎಣ್ಣೆ ಇದೆ. ಮೋಡ ಇದ್ದರೂ ಬೆಳಕು ಒಂದಿಷ್ಟು ಬರುತ್ತೆ, ನಿಧಾನ ಅಷ್ಟೇ, ಕಾಯಬೇಕು ಅಂತಾರೆ ಮಾವ. ಜೂನ್ ತಿಂಗಳ ಮಲೆನಾಡಲ್ಲಿ ಕಾಯೋದು ಅಂದರೆ! ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿ ಮುಟ್ಟಿಸೋ ಹಾಗಿಲ್ಲ, ಕಾವು ತಾಗಿದರೆ ಕೂತುಬಿಡುತ್ತೆ.

ಇನ್ನೊಂದು, ಗಂಜಿ ಹಾಕಿದ ಪಂಚೆಯಾದರೆ ಕಲೆ ಅರ್ಧ ಗಂಜಿಯ ಮೇಲೇ ನಿಂತು ಒಗೆದಾಗ ಅದರ ಜೊತೆ ಹೋಗುತ್ತೆ. ನಾನು ಗಂಜಿ ಅಂದರೆ ಬರೀ ಠೀವಿಗೆ ಅಂದುಕೊಂಡಿದ್ದೆ.

ಆಫೀಸ್ ಗ್ರೂಪಿನಲ್ಲಿ ಒಬ್ಬರು ವಿಡಿಯೋ ಕಳಿಸಿದ್ದಾರೆ. ವಿನೆಗರ್ ಸುರಿ, ಅಡುಗೆ ಸೋಡಾ ಉದುರಿಸು, ನೊರೆ ಬರುತ್ತೆ, ಮ್ಯಾಜಿಕ್! ಮಾವನಿಗೆ ತೋರಿಸಿದೆ. "ಆಮ್ಲ, ಕ್ಷಾರ ಸೇರಿದರೆ ಲವಣ ಮತ್ತು ನೀರು. ಇವರು ಉಪ್ಪುನೀರಲ್ಲಿ ಬಟ್ಟೆ ಒಗೀತಿದ್ದಾರೆ" ಅಂದು ಮೊಬೈಲ್ ವಾಪಸ್ ಕೊಟ್ಟರು. ಬ್ಲೀಚ್ ಹಾಕಲಾ ಅಂದದ್ದಕ್ಕೆ ಮಾತ್ರ ನಿಜವಾಗಿ ಸಿಟ್ಟಾದರು. ನಿಂಬೆರಸ ಹಾಕಿದ ಬಟ್ಟೆಗೆ ಬ್ಲೀಚ್ ತಗುಲಿದರೆ ಕ್ಲೋರಿನ್ ಗಾಳಿ ಬರುತ್ತೆ, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಮಾಡೋ ಕೆಲಸವಾ ಅದು ಅಂತ.

ಅತ್ತೆಯ ಮೈಸೂರು ಸಿಲ್ಕಿಗೆ ಹೋಳಿಗೆ ತುಪ್ಪ ತಾಗಿದ್ದು ಬೇರೆ ಕಥೆ. ಪೌಡರ್ ಸುರಿದು ರಾತ್ರಿಯಿಡೀ ಬಿಟ್ಟರು, ಬೆಳಗ್ಗೆ ಕೊಡವಿದರು, ಮುಗೀತು. ಕಲೆಗೇ ಅಂತ ಬರೋ ಎನ್‌ಜೈಮ್ ಪುಡಿ ರೇಷ್ಮೆಗೆ ಬೇಡವಂತೆ. ಅದು ಪ್ರೋಟೀನನ್ನ ತಿನ್ನುತ್ತೆ, ರೇಷ್ಮೆಯೇ ಪ್ರೋಟೀನು.

ನಿನ್ನೆ ರಾತ್ರಿಯದು ಬರೀಬೇಕು ಅಂತಲೇ ಕೂತಿದ್ದು. ಸುತ್ತಿ ಬಳಸಿ ಎಲ್ಲೆಲ್ಲೋ ಹೋದೆ.

ಊಟ ಆದಮೇಲೆ ಹಿತ್ತಲ ಕಟ್ಟೆ ಮೇಲೆ ಎರಡನೇ ಸುತ್ತು ಹತ್ತಿ ಒತ್ತುತ್ತಿದ್ದೆವು. ಪಂಚೆಯ ತುದಿ ನನ್ನ ಕೈಲಿ, ಹತ್ತಿ ಅವರ ಕೈಲಿ. ಮೋಡ ಕಟ್ಟಿತ್ತು, ಮಳೆ ಸುರಿದಿರಲಿಲ್ಲ.

"ಮಾವ, ಮದುವೇಲಿ ಹುಳಿ ಯಾಕೆ ಬೇಡ ಅಂದ್ರಿ?"

"ಹೊಟ್ಟೆ ಸರಿ ಇರಲಿಲ್ಲ ಕಣಮ್ಮ."

"ಹೋಳಿಗೆ ಎರಡು ಹಾಕಿಸಿಕೊಂಡ್ರಿ. ತುಪ್ಪ ಬೇರೆ."

ಸುಮಾರು ಹೊತ್ತು ಮಾತಿಲ್ಲ. ಹತ್ತಿ ಬದಲಾಯಿಸಿದರು. "ಹೋಳಿಗೆ ಚೆಲ್ಲಲ್ಲ ನೋಡು. ತುಪ್ಪ ಚೆಲ್ಲಿದ್ರೂ ಬಿಳೀ ಪಂಚೆ ಮೇಲೆ ಕಾಣಲ್ಲ."

ಅವರ ಎಲೆ ನೆನಪಾಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಕೋಸಂಬರಿ, ಹಪ್ಪಳ, ಹೋಳಿಗೆ, ಮೊಸರನ್ನ. ತೊವ್ವೆ ಬೇಡ, ಸಾರು ಬೇಡ, ಗೊಜ್ಜು ಬೇಡ, ಉಪ್ಪಿನಕಾಯಿ ಎಲೆ ತುದಿಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ. ಅವರು ಬಾಯಿಗೆ ಹಾಕಿದ್ದರಲ್ಲಿ ಬಣ್ಣದ್ದು ಒಂದೂ ಇರಲಿಲ್ಲ. ಹುಳಿಗೆ ಪ್ರಾಣ ಬಿಡೋ ಮನುಷ್ಯ. ಅತ್ತೆ ಹುಳಿಪುಡಿ ಹುರಿಯೋ ದಿನ ಪೇಪರ್ ಓದೋ ನೆಪದಲ್ಲಿ ಅಡುಗೆಮನೆ ಬಾಗಿಲಿಗೇ ಕುರ್ಚಿ ಹಾಕಿಕೊಳ್ಳುವವರು.

"ಯಾವಾಗಿಂದ?"

"ದೀಪಾವಳಿ ಹೊತ್ತಿಗೆ ಗೊತ್ತಾಯ್ತು. ಕೈ ತೊಡೆ ಮೇಲಿಟ್ಟರೆ ಏನೂ ಇಲ್ಲ, ನೋಡು." ಇಟ್ಟು ತೋರಿಸಿದರು, ಕೈ ಸುಮ್ಮನೆ ಇತ್ತು. "ಎತ್ತಿದಾಗ ಶುರು. ಎಲೆಯಿಂದ ಬಾಯಿಗೆ ಹೋಗೋ ದಾರೀಲಿ ಮಾತ್ರ."

ಸ್ಪೂನಿನಲ್ಲಿ ತಿಂದರೆ ಹೇಗೆ ಅಂತ ಕೇಳಿದೆ.

"ಇನ್ನೂ ಜಾಸ್ತಿ ಚೆಲ್ಲುತ್ತೆ. ಕೈಯಾದ್ರೆ ಬೆರಳು ಒತ್ತಿ ಹಿಡ್ಕೊಳ್ಳುತ್ತೆ. ಪ್ರಯೋಗ ಮಾಡಿ ನೋಡಿದೀನಿ." ಸ್ವಲ್ಪ ಹೆಮ್ಮೆಯಿಂದಲೇ ಅಂದರು. ನಗು ಬಂತು, ನಗಲಿಲ್ಲ.

ಜುಬ್ಬ ಮಷಿನ್ನಿಗೆ ಹಾಕೋಕೆ ಬಿಡದೆ, ನಾವು ಏಳೋ ಮೊದಲೇ ಕಲ್ಲಿನ ಹತ್ತಿರ ನಿಂತು ಒಗೀತಿದ್ದದ್ದು ಈಗ ಅರ್ಥವಾಯಿತು. ಫ್ರಿಜ್ಜಿನಲ್ಲಿ ನಿಂಬೆಹೋಳು ಕಾಣೆಯಾಗ್ತಿದ್ದದ್ದೂ. ನಾನು ಕೆಲಸದ ಸುಮಿತ್ರಾ ಹತ್ತಿರ ನಿಂಬೆಹಣ್ಣಿನ ಲೆಕ್ಕ ಕೇಳ್ತಿದ್ದೆ, ಅವಳು ಮುಖ ದಪ್ಪ ಮಾಡ್ಕೊಂಡಿದ್ದಳು.

"ನಿಮ್ಮತ್ತೆಗೆ ಹೇಳಬೇಡ" ಅಂದರು ಕೊನೆಗೆ. "ಅವಳು ತುತ್ತು ಮಾಡಿ ತಿನ್ನಿಸೋಕೆ ಬರ್ತಾಳೆ."

ಅಷ್ಟರಲ್ಲಿ ಮಳೆ ಬಂತು, ಪಂಚೆ ಎತ್ತಿಕೊಂಡು ಒಳಗೆ ಓಡಿದೆವು.

ಇವರಿಗೆ ಹೇಳಿದೆ, ಬೆಳಗ್ಗೆ ಶೇವ್ ಮಾಡ್ಕೊಳ್ತಾ ಇದ್ದಾಗ. "ಅಪ್ಪಂಗೆ ವಯಸ್ಸಾಯ್ತಲ್ಲ. ಡಾರ್ಕ್ ಕಲರ್ ಪ್ಯಾಂಟ್ ಹೊಲಿಸಿಬಿಡೋಣ" ಅಂದರು. ಇವರ ಮೇಲೆ ಬಂದ ಕೋಪ ಈಗಲೂ ಇಳಿದಿಲ್ಲ. ತಿಂಡಿ ಡಬ್ಬಿಗೆ ಚಟ್ನಿ ಹಾಕದೇ ಕಳಿಸಿದೆ.

ಚಿನ್ನಿಯ ಯೂನಿಫಾರ್ಮಿಗೆ ನೇರಳೆ ಹಣ್ಣಿನ ಕಲೆ. ಶಾಲೆ ಶುರುವಾಗಿ ಇನ್ನೂ ತಿಂಗಳಾಗಿಲ್ಲ, ಬಿಳೀ ಶರ್ಟು. ಬಟ್ಟೆಯನ್ನ ಪಾತ್ರೆ ಬಾಯಿಗೆ ಬಿಗಿಯಾಗಿ ಕಟ್ಟಿ ಮೇಲಿಂದ ಕುದಿಯೋ ನೀರು ಸುರಿದೆ, ಬಹಳಷ್ಟು ಹೋಯಿತು. ಹಣ್ಣಿನ ಬಣ್ಣಕ್ಕೆ ಬಿಸಿನೀರು ಆಗುತ್ತೆ, ಹಾಲು ಮೊಟ್ಟೆಗೆ ಆಗಲ್ಲ, ಅವು ಬೆಂದು ನೂಲಿಗೆ ಅಂಟಿಕೊಳ್ಳುತ್ತವೆ. ಪರವಾಗಿಲ್ಲ, ನನಗೂ ಮೇಷ್ಟ್ರ ಗಾಳಿ ಬೀಸಿದೆ. ಗ್ಯಾಸ್ ಬುಕ್ ಮಾಡೋದು ಮರೆತೆ.

ಶುಕ್ರವಾರ ತೀರ್ಥಹಳ್ಳಿಯಲ್ಲಿ ಗೃಹಪ್ರವೇಶ. "ನೀವೆಲ್ಲ ಹೋಗಿಬನ್ನಿ, ಮಳೇಲಿ ನನಗೆ ಆಗಲ್ಲ" ಅಂತ ಮಾವ ಈಗಲೇ ಪೀಠಿಕೆ ಹಾಕಿದ್ದಾರೆ. ಹತ್ತಾರು ಮಳೆಗಾಲ ಆ ಕಡೆಯ ಶಾಲೆಗಳಿಗೆ ಕೊಡೆ ಹಿಡಿದು ನಡೆದವರು. ಅತ್ತೆ ನಂಬಿದರು. ನಾಳೆ ಮನೆಯಲ್ಲೇ ಹುಳಿ ಮಾಡಿ ಬಟ್ಟಲಿಗೆ ಹಾಕಿ ಕೊಡಲಾ, ಅನ್ನ ಗಟ್ಟಿಯಾಗಿ ಕಲಸಿದರೆ ಚೆಲ್ಲೋದು ಕಮ್ಮಿಯಾಗಬಹುದು. ಆದರೆ ಹಾಗೆ ಕೊಟ್ಟ ಕೂಡಲೇ ಅತ್ತೆಗೆ ಗೊತ್ತಾಗುತ್ತೆ.

ನರದ ಡಾಕ್ಟರಿಗೆ ತೋರಿಸಲೇಬೇಕು. ಕೈ ಎತ್ತಿದಾಗ ಮಾತ್ರ ಬರೋ ನಡುಕಕ್ಕೆ ಮಾತ್ರೆ ಇದೆ ಅಂತ ನಮ್ಮ ಆಫೀಸಿನ ಒಬ್ಬರು ಅವರಮ್ಮನ ವಿಷಯಕ್ಕೆ ಹೇಳಿದ್ದರು, ಎಲ್ಲರಿಗೂ ಅದೇ ಕಾರಣ ಇರುತ್ತೆ ಅಂತೇನೂ ಅಲ್ಲ. ಕರೆದುಕೊಂಡು ಹೋಗೋದು ಹೇಗೆ ಅನ್ನೋದೇ ಯೋಚನೆ. ಬಿ.ಪಿ. ನೋಡಿಸೋಕೆ ಅಂತ ಹೇಳಬಹುದು. ಬಿ.ಪಿ. ಅಂದರೆ ಅತ್ತೆ ತಾವೂ ಸೀರೆ ಉಟ್ಟು ಹೊರಡ್ತಾರೆ, ಅವರು ಬಂದರೆ ಮಾವ ಡಾಕ್ಟರ ಮುಂದೆ ಬಾಯಿ ಬಿಡಲ್ಲ, ಬಿಡದಿದ್ದರೆ ನಾನೇ ಹೇಳಬೇಕಾಗುತ್ತೆ, ನಾನು ಹೇಳಿದರೆ