50 ಮೀಟರಿನ ಕಡಲು

ಚಳ್ಳಕೆರೆ ಕಡೆಯ ಹುಡುಗ ಕಡಲಿನ ಎಂಜಿನಿಯರಿಂಗ್ ಓದಿದ್ದು ಹೇಗೆ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ಕೆರೆಗೇ ನೀರು ಬರುವುದು ಅಪರೂಪವಾದ ಸೀಮೆ ನಮ್ಮದು, ಕೇಳುವುದು ಸಹಜವೇ. ಅದರ ಬೀಜ ಬಿದ್ದದ್ದು ನಾನು ಪಿಯು ಓದಿದ ಕಾಲೇಜಿನ ಫಿಸಿಕ್ಸ್ ಕ್ಲಾಸಿನಲ್ಲಿ. ಮೇಷ್ಟ್ರು ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಜಾಡಿಸಿದರು. ಅಲೆ ಆ ತುದಿಗೆ ಓಡಿತು. "ಓಡಿದ್ದು ಶಕ್ತಿ ಕಣ್ರೋ, ಹಗ್ಗ ಅಲ್ಲ" ಅಂದರು. ಆ ಮಾತು ನನ್ನನ್ನು ಬಿಡಲೇ ಇಲ್ಲ.

ಪಿಯು ಮುಗಿದ ಮೇಲೆ ನೇರವಾಗಿ ಈ ಓದಿಗೆ ಹೋಗುವ ದಾರಿಯೂ ಇದೆ. ಜೆಇಇ ಅಡ್ವಾನ್ಸ್ಡ್ ಬರೆದರೆ ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳಲ್ಲಿ ಹಡಗು ನಿರ್ಮಾಣ ಮತ್ತು ಓಷನ್ ಎಂಜಿನಿಯರಿಂಗ್ ಸೇರಬಹುದು. ನನಗೆ ಆಗ ಅದು ಗೊತ್ತಿರಲಿಲ್ಲ. ಸಿಇಟಿ ಬರೆದು ಸಿವಿಲ್ ತಗೊಂಡೆ, ಆಮೇಲೆ ಎಂ.ಟೆಕ್ ಸೇರಲು ಗೇಟ್ ಪರೀಕ್ಷೆ ಬರೆದೆ. ಕೌನ್ಸೆಲಿಂಗ್‌ನಲ್ಲಿ ಗೆಳೆಯರೆಲ್ಲ ಸ್ಟ್ರಕ್ಚರ್ಸ್ ಮೊದಲು ಹಾಕು ಅಂದರು. ನಾನು ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯ ಮರೀನ್ ಸ್ಟ್ರಕ್ಚರ್ಸ್, ಅಂದರೆ ಕಡಲಿನಲ್ಲಿ ಕಟ್ಟುವ ರಚನೆಗಳ ಓದು, ಮೊದಲು ಹಾಕಿದೆ. "ಹಡಗಿನಲ್ಲಿ ಕೆಲಸವೇನಪ್ಪಾ?" ಎಂದು ಅಪ್ಪ ಕೇಳಿದರು. ಅಲ್ಲ, ಹಡಗು ಬಂದು ನಿಲ್ಲುವ ಜಾಗ ಕಟ್ಟುವ ಕೆಲಸ ಎಂದೆ.

ಎನ್‌ಐಟಿಕೆಗೆ ಕಡಲು ಅಂಗಳದಲ್ಲೇ ಇದೆ. ಆದರೆ ನಾನು ಕಡಲನ್ನು ಕಲಿತದ್ದು ಲ್ಯಾಬಿನ ಒಳಗೆ. ಅಲ್ಲೊಂದು 50 ಮೀಟರ್ ಉದ್ದದ, ಒಂದು ಮೀಟರಿಗೂ ಕಡಿಮೆ ಅಗಲದ ತೊಟ್ಟಿ. ಒಂದು ತುದಿಯಲ್ಲಿ ಮೋಟಾರಿನಿಂದ ಆಡುವ ಹಲಗೆ ನೀರನ್ನು ತಳ್ಳುತ್ತದೆ, ಅಲೆ ಹುಟ್ಟುತ್ತದೆ. ಇನ್ನೊಂದು ತುದಿಯಲ್ಲಿ ನಾವು ಕಟ್ಟಿದ ಪುಟ್ಟ ಬ್ರೇಕ್‌ವಾಟರ್, ಅಂದರೆ ಬಂದರನ್ನು ಅಲೆಯಿಂದ ಕಾಯುವ ಕಲ್ಲುರಾಶಿಯ ಗೋಡೆ. 30ಕ್ಕೆ 1ರ ಅಳತೆ ಹಿಡಿದರೆ ಕಡಲಿನ 3 ಮೀಟರ್ ಅಲೆ ಇಲ್ಲಿ 10 ಸೆಂಟಿಮೀಟರ್. 2 ಟನ್ನಿನ ಬಂಡೆ ಸುಮಾರು 74 ಗ್ರಾಮಿನ ಕಲ್ಲು. ಉದ್ದ 30 ಪಟ್ಟು ಇಳಿದರೆ ತೂಕ 27,000 ಪಟ್ಟು ಇಳಿಯುತ್ತದೆ. ಕಾಲ ಮಾತ್ರ ಐದೂವರೆ ಪಟ್ಟು. ಅಲ್ಲಿ 11 ಸೆಕೆಂಡಿಗೆ ಬರುವ ಅಲೆ ಇಲ್ಲಿ 2 ಸೆಕೆಂಡಿಗೆ ಬಂದು ಬಡಿಯಬೇಕು.

ಕಲ್ಲುಗಳನ್ನು ಒಂದೊಂದಾಗಿ ತೂಗಿ, ಬಣ್ಣ ಬಳಿದು ಪಟ್ಟೆಪಟ್ಟೆಯಾಗಿ ಜೋಡಿಸುತ್ತಿದ್ದೆವು. ಕೆಂಪು ಕಲ್ಲು ಬಿಳಿ ಪಟ್ಟೆಗೆ ಉರುಳಿದರೆ ಎಲ್ಲಿಂದ ಜಾರಿತು ಅಂತ ತಕ್ಷಣ ಗೊತ್ತಾಗುತ್ತದೆ. ಅಲೆ ಇಳಿಜಾರಿನ ಮೇಲೇರಿ, ಸಂದುಗಳಲ್ಲಿ ನುಗ್ಗಿ, ನೊರೆಯಾಗಿ ಹಿಂದಕ್ಕೆ ಸರಿಯುತ್ತದೆ. ಎಷ್ಟೋ ಸಲ ಕಲ್ಲು ಕೀಳುವುದು ಏರುವ ನೀರಲ್ಲ, ಇಳಿಯುವ ನೀರು. ಮೊದಲು ಒಂದು ಕಲ್ಲು ಅಲ್ಲಾಡುತ್ತದೆ. ಮುಂದಿನ ಅಲೆಗಳಿಗೆ ಇನ್ನಷ್ಟು ಅಲ್ಲಾಡಿ ಕೊನೆಗೆ ಉರುಳುತ್ತದೆ. ಅದು ಹೋದ ಜಾಗದ ಸುತ್ತಲಿನವೂ ಸಡಿಲವಾಗುತ್ತವೆ. ಗಾಜಿಗೆ ಮುಖ ಒತ್ತಿ ಇದನ್ನೇ ನೋಡುತ್ತಾ ಊಟದ ಹೊತ್ತು ಮೀರುತ್ತಿತ್ತು.

ಗೋಡೆ ಎಂದರೆ ಅಲೆಯನ್ನು ತಡೆಯುವುದು ಎಂದುಕೊಂಡಿದ್ದೆ. ಆದರೆ ಕಲ್ಲುರಾಶಿಯ ಬ್ರೇಕ್‌ವಾಟರ್ ಅಲೆಯ ಶಕ್ತಿಯನ್ನು ತನ್ನ ಸಂದುಗಳೊಳಗೆ ಬಿಟ್ಟುಕೊಂಡು ಸುಸ್ತು ಮಾಡುತ್ತದೆ. ಹಾಗಾಗಿ ಕಲ್ಲಿನಷ್ಟೇ ಕಲ್ಲಿನ ನಡುವಿನ ಖಾಲಿ ಜಾಗವೂ ಕೆಲಸ ಮಾಡುತ್ತದೆ. ಮೇಷ್ಟ್ರು ಹೇಳಿದ ಆ ಶಕ್ತಿ ಕೊನೆಗೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು.

ಒಮ್ಮೆ ಉಳ್ಳಾಲದ ಕಡೆ ಕಡಲ್ಕೊರೆತ ನೋಡಲು ಹೋಗಿದ್ದಾಗ ಹಿರಿಯ ಮೀನುಗಾರರೊಬ್ಬರು ಕೇಳಿದರು. "ಈ ಕಲ್ಲು ಎಷ್ಟು ವರ್ಷ ನಿಲ್ತದೆ ಮಾರಾಯ್ರೇ? ಬುಡದ ಹೊಯಿಗೆಯೇ ಹೋಗ್ತಾ ಉಂಟಲ್ಲ?" ಸರಿಯಾದ ಪ್ರಶ್ನೆ. ಬುಡದ ಮರಳು ಕೊಚ್ಚಿಹೋದರೆ ಎಂಥ ಬಂಡೆಯೂ ಕುಸಿಯುತ್ತದೆ. ಒಂದು ಕಡೆ ಗಟ್ಟಿ ಗೋಡೆ ಕಟ್ಟಿದರೆ ಎಷ್ಟೋ ಸಲ ಪಕ್ಕದ ದಡ ಕೊರೆಯಲು ಶುರುವಾಗುತ್ತದೆ. ಅವರಿಗೆ ಅದು ಕಣ್ಣಳತೆಯಲ್ಲೇ ಗೊತ್ತಿತ್ತು. ಈ ಓದಿಗೆ ಬರುವವರು ದಡದ ಜನರ ಮಾತನ್ನು ಕೇಳಿಸಿಕೊಳ್ಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನನ್ನ ಕೆಲಸ ಬಂದರು ಕಾಮಗಾರಿಗಳಲ್ಲಿ. ಹಡ್ಸನ್ ಎಂಬ ಅಮೆರಿಕದ ಎಂಜಿನಿಯರ್ 1959ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ನಮ್ಮ ಮೊದಲ ಲೆಕ್ಕ. ಅದರ ಪ್ರಕಾರ ಅಲೆಯ ಎತ್ತರ ಎರಡು ಪಟ್ಟಾದರೆ ಕಲ್ಲಿನ ತೂಕ ಎಂಟು ಪಟ್ಟಾಗಬೇಕು. ಅದಕ್ಕೇ ಕ್ವಾರಿಯಿಂದ ಬರುವ ಲಾರಿಗಳ ಹತ್ತಿರ ನಾನೇ ನಿಲ್ಲುತ್ತೇನೆ. ಮೇಲ್ಪದರಕ್ಕೆ ಹೇಳಿದ್ದಕ್ಕಿಂತ ಸಣ್ಣ ಕಲ್ಲು ಬಂದರೆ ಲಾರಿ ವಾಪಸ್ ಹೋಗುತ್ತದೆ.