ನನ್ನ ಹಿಡಿತವಲ್ಲ, ಆತನ ಹಿಡಿತ

ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ ಬೆಳೆದ ನಮ್ಮಂಥ ಪ್ರಾಟೆಸ್ಟಂಟ್ ಕ್ರೈಸ್ತರಿಗೆ, ನಾವು ಯಾರು ಎಂಬ ಪ್ರಶ್ನೆಗೆ ಉತ್ತರ ಮನೆಯಲ್ಲಿಯೇ ಸಿದ್ಧವಾಗಿರುತ್ತದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು, ಕ್ರಿಸ್ತನನ್ನು ನಂಬಿದ ಕಾರಣಕ್ಕೆ ಕುಲದಿಂದ ಹೊರಬಿದ್ದ ಹಿರಿಯರಿಗೆ ಮಿಶನ್ನಿನ ನೇಯ್ಗೆ ಶಾಲೆಗಳಲ್ಲಿಯೂ 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯಲ್ಲಿಯೂ ಕೆಲಸ ದೊರೆತದ್ದು, ಇವೆಲ್ಲವನ್ನೂ ಕೇಳುತ್ತಲೇ ನಾವು ದೊಡ್ಡವರಾದೆವು. ಈ ಚರಿತ್ರೆಯ ಬಗ್ಗೆ ನನಗೆ ಗೌರವವಿದೆ. ಆದರೆ ಚರ್ಚಿನ ಸಭೆಯ ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿದೆ ಎಂಬುದು ಒಂದು ಸಂಗತಿ, ನಾನು ದೇವರ ಮಗನೆಂಬ ನಿಶ್ಚಯ ಮತ್ತೊಂದು. ಮೊದಲನೆಯದು ಹುಟ್ಟಿನಿಂದ ಬಂದೀತು, ಎರಡನೆಯದು ಬರುವುದಿಲ್ಲ.

1844ರಲ್ಲಿ ಇದೇ ಊರಿನಲ್ಲಿ ದೀಕ್ಷಾಸ್ನಾನ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರನ್ನು ನಾನು ಆಗಾಗ ನೆನೆಯುತ್ತೇನೆ. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಆ ತರುಣರಿಗೆ ಆತುಕೊಳ್ಳಲು ಕ್ರೈಸ್ತ ಪರಂಪರೆಯೆಂಬುದಿರಲಿಲ್ಲ. ಹಳೆಯ ಗುರುತು ಕೈಬಿಟ್ಟಾಗ ಅವರ ಪಾಲಿಗೆ ಉಳಿದದ್ದು ಕ್ರಿಸ್ತನ ಮಾತೊಂದೇ. ಪರಂಪರೆಯ ನೆರಳಿನಲ್ಲಿರುವ ನಮಗೆ ಕಡೆಗೆ ಆಧಾರವಾಗಬೇಕಾದದ್ದೂ ಅದೇ ಮಾತು.

ನಿಶ್ಚಯವನ್ನು ಭಾವನೆಯಲ್ಲಿ ಹುಡುಕುವವರೂ ನಮ್ಮಲ್ಲಿ ಬಹಳ. ಕೆಲವು ಪ್ರಾರ್ಥನಾ ಕೂಟಗಳಲ್ಲಿ, ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೊಂದಿದ್ದು ಯಾವ ದಿನ ಎಂದು ಕೇಳುವುದುಂಟು. ಹಾಗೆ ದಿನವನ್ನು ಹೇಳಬಲ್ಲವರಿಗೆ ಅದು ದೊಡ್ಡ ಸಂತೋಷವೇ ಸರಿ. 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಬರೆದಿಟ್ಟಿದ್ದಾರೆ. ಆದರೆ ದಿನ ಹೇಳಲಾರದ ವಿಶ್ವಾಸಿಯನ್ನು ಸಂಶಯದಿಂದ ನೋಡುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಎದೆ ಬೆಚ್ಚಗಾದಂತೆ ತಣ್ಣಗೂ ಆಗುತ್ತದೆ, ದೇವರ ವಾಗ್ದಾನ ಹಾಗಲ್ಲ.

ಇದು ನನಗೆ ಸ್ಪಷ್ಟವಾದದ್ದು ನನ್ನ ಅಜ್ಜಿಯ ಕೊನೆಯ ವರ್ಷಗಳಲ್ಲಿ. ಬಾಲ್ಯದಿಂದ ಹಾಡಿಕೊಂಡು ಬಂದ ತುಳು ಕೀರ್ತನೆಗಳನ್ನೂ ಮಕ್ಕಳ ಹೆಸರುಗಳನ್ನೂ ಮರೆತಿದ್ದ ಅವರು, ಕರ್ತನ ಪ್ರಾರ್ಥನೆಯನ್ನು ಆರಂಭಿಸಿದರೆ ನಡುವಿನಲ್ಲಿಯೇ ನಿಂತುಬಿಡುತ್ತಿದ್ದರು. ರಕ್ಷಣೆಯೆಂಬುದು ನಾವು ಕ್ರಿಸ್ತನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಎಂಬುದರ ಮೇಲೆ ನಿಂತಿದ್ದರೆ, ಆ ನಂಬಿಗಸ್ತ ಜೀವಕ್ಕೆ ಅಂತ್ಯದಲ್ಲಿ ಏನು ಉಳಿಯುತ್ತಿತ್ತು? ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಕುರಿಗಳ, ಅಂದರೆ ತನ್ನನ್ನು ನಂಬಿದವರ, ಹಿಡಿತದ ಬಲವನ್ನು ಹೇಳುವುದಿಲ್ಲ; ಅವುಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರು ಎನ್ನುತ್ತಾನೆ. ಅಜ್ಜಿಗೆ ಆತನ ಹೆಸರು ಮರೆತಿರಬಹುದು, ಆತನಿಗೆ ಅಜ್ಜಿಯ ಹೆಸರು ಮರೆತಿರಲಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯವೂ ಹೀಗೆಯೇ ಸಾಗುತ್ತದೆ. ನಾವು ದೇವರ ಮಕ್ಕಳೆಂಬುದಕ್ಕೆ ನಮ್ಮ ಆತ್ಮದೊಂದಿಗೆ ಪವಿತ್ರಾತ್ಮನೇ ಸಾಕ್ಷಿ ಹೇಳುತ್ತಾನೆ. ಮರಣವಾಗಲಿ ಜೀವವಾಗಲಿ ಕ್ರಿಸ್ತನಲ್ಲಿರುವ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವು. ಹೀಗೆ ನಂಬಿದವರು ಉದಾಸೀನರಾಗುವುದಿಲ್ಲವೇ ಎಂದು ಕೇಳುವವರಿಗೆ ಯೋಹಾನನ ಮೊದಲನೆಯ ಪತ್ರಿಕೆ ಉತ್ತರ ಕೊಡುತ್ತದೆ: ಸಹೋದರನನ್ನು ದ್ವೇಷಿಸುತ್ತ ದೇವರನ್ನು ಪ್ರೀತಿಸುತ್ತೇನೆ ಎನ್ನುವವನು ಸುಳ್ಳುಗಾರ.

ಮನಸ್ಸಿನಲ್ಲಿ ಸಂದೇಹವಿದೆಯೆಂದು, ಯೇಸುವಿನ ನೆನಪಿಗಾಗಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಹಿಂದಿನ ಸಾಲಿನಲ್ಲಿಯೇ ಕುಳಿತುಬಿಡುವವರು ನಮ್ಮ ಸಭೆಗಳಲ್ಲಿದ್ದಾರೆ. ಅವರು ಎದ್ದು ಬರಬೇಕೆಂಬುದು ನನ್ನ ಪ್ರೀತಿಯ ಬಿನ್ನಹ. ಮಾರ್ಕನ ಸುವಾರ್ತೆಯಲ್ಲಿ, ದೆವ್ವದ ಬಾಧೆಗೊಳಗಾದ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗಿಕೊಂಡನು. ಮೊದಲು ನಂಬಿಕೆಯನ್ನು ಗಟ್ಟಿಮಾಡಿಕೊಂಡು ಬಾ ಎಂದು ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಹುಡುಗನ ಕೈಹಿಡಿದು ಎಬ್ಬಿಸಿದನು.